ಹನ್ನೆರಡು ವರ್ಷ ಇದ್ದವರಿಗೆ ಒಂದು ಉತ್ತರ ಕೊಡ್ಲಿಕ್ಕೆ ಎಂತ ಕಷ್ಟ?

1/10

ನಮ್ಮ ಫೀಡ್‌ನಲ್ಲಿ ಆಗಾಗ ಒಂದು ಫೋಟೊ ಬರ್ತದೆ. ಯಾರದೋ ಅಕ್ಕ, ಯಾರದೋ ಕಸಿನ್, ಟೊರಾಂಟೊದಲ್ಲಿ ಕೆಂಪು ಎಲೆಯ ಸಣ್ಣ ಬಾವುಟ ಹಿಡಿದು ನಿಂತದ್ದು. ಕೆಳಗೆ "ಅಫಿಶಿಯಲಿ ಕೆನಡಿಯನ್" ಅಂತ ಬರೆದಿರ್ತದೆ. ನಾವು ಹಾರ್ಟ್ ಹಾಕ್ತೇವೆ. ಮನೆಯಲ್ಲಿ ಅಮ್ಮಂದಿರು ಅಕ್ಕಪಕ್ಕದವರಿಗೆಲ್ಲ ಹೇಳಿ ಮುಗಿಸಿರ್ತಾರೆ. "ಪಾಪ, ಎಷ್ಟು ವರ್ಷ ಕಷ್ಟಪಟ್ಟಳು, ಕಡೆಗೂ ಸಿಕ್ಕಿತು" ಅಂತ ಎಲ್ಲರಿಗೂ ಸಮಾಧಾನ.

ಅದೇ ನಾವು, ಅದೇ ಫೋನಿನಲ್ಲಿ, ಬೇರೆ ದೇಶದಿಂದ ಇಲ್ಲಿಗೆ ಬಂದು ವೀಸಾ ಸರಿಯಾಗಿಟ್ಟುಕೊಂಡು ಹತ್ತು ಹದಿನೈದು ವರ್ಷ ಬದುಕಿದ ಒಬ್ಬರು "ನನಗೂ ಇಲ್ಲಿಯ ಪೌರತ್ವ ಬೇಕು" ಅಂದರೆ ಕಮೆಂಟಿನಲ್ಲಿ ಎಂತ ಬರೀತೇವೆ? "ನಿಮ್ಮ ದೇಶಕ್ಕೆ ಹೋಗಿ." "ಇದು ಧರ್ಮಛತ್ರ ಅಲ್ಲ."

ಮಾರಾಯ್ರೆ, ಮಂಗಳೂರಿನವರ ಬಾಯಿಯಲ್ಲಿ ಈ ಮಾತು ಬರಲೇಬಾರದು. ಊರು ಬಿಟ್ಟು ಹೋಗಿ ಇನ್ನೊಬ್ಬರ ದೇಶದಲ್ಲಿ ದುಡಿದು ಇಲ್ಲಿ ಮನೆ ಕಟ್ಟಿದ ಊರು ಇದು. ಪರದೇಶದಲ್ಲಿ ವರ್ಷ ಎಣಿಸುವುದು ಅಂದರೆ ಏನು ಅಂತ ನಮ್ಮಷ್ಟು ಗೊತ್ತಿರುವವರು ಕಡಿಮೆ.

ಈ ಹತ್ತು ಪೋಸ್ಟ್‌ಗಳಲ್ಲಿ ನನ್ನ ವಾದ ಒಂದೇ. ಕಾನೂನು ಕೇಳಿದಷ್ಟು ವರ್ಷ, ಕಾನೂನು ಹೇಳಿದ ಹಾಗೆ ಒಂದು ದೇಶದಲ್ಲಿ ಬದುಕಿದವರಿಗೆ ಆ ದೇಶ ಒಂದು ಉತ್ತರ ಕೊಡಬೇಕು. ಹೌದು ಅಥವಾ ಇಲ್ಲ. ಇಲ್ಲ ಅಂದರೆ ಯಾಕೆ ಅಂತ. ಅದೂ ಇಷ್ಟು ದಿನದೊಳಗೆ ಅಂತ. ಇದನ್ನು ನಾವು ಕೆನಡಾದ ಹತ್ತಿರ ಕೇಳ್ತೇವೆ, ಅಮೆರಿಕದ ಹತ್ತಿರ ಕೇಳ್ತೇವೆ. ದೆಹಲಿಯ ಹತ್ತಿರ ಮಾತ್ರ ಯಾಕೆ ಕೇಳುದಿಲ್ಲ?

ಕಮೆಂಟ್ ಮಾಡುವ ಮೊದಲು ಹತ್ತೂ ಓದಿ. ಆಮೇಲೆ ಬೈಯಿರಿ, ತೊಂದರೆ ಇಲ್ಲ.

2/10

ಮೊದಲು ನಮ್ಮ ಫೇವರಿಟ್ ದೇಶದಿಂದ ಶುರು ಮಾಡುವ.

ಕೆನಡಾದಲ್ಲಿ ಪಿಆರ್ ಸಿಕ್ಕಿದವರು ಪೌರತ್ವಕ್ಕೆ ಅರ್ಜಿ ಹಾಕಬೇಕಾದರೆ, ಹಿಂದಿನ 5 ವರ್ಷಗಳಲ್ಲಿ 1,095 ದಿನ ಆ ದೇಶದ ನೆಲದ ಮೇಲೆ ಇದ್ದಿರಬೇಕು. ಸ್ಟೂಡೆಂಟ್ ಆಗಿಯೋ ವರ್ಕ್ ಪರ್ಮಿಟ್‌ನಲ್ಲಿಯೋ ಇದ್ದ ದಿನಗಳೂ ಲೆಕ್ಕಕ್ಕೆ ಬರ್ತವೆ. ಒಂದು ದಿನಕ್ಕೆ ಅರ್ಧ ದಿನ, ಒಟ್ಟು 365 ದಿನದವರೆಗೆ. 18ರಿಂದ 54 ವಯಸ್ಸಿನವರಿಗೆ ಇಂಗ್ಲಿಷ್ ಅಥವಾ ಫ್ರೆಂಚ್ ಮಟ್ಟಿಗೆ ಬರಬೇಕು. 20 ಪ್ರಶ್ನೆಯ ಪರೀಕ್ಷೆ, 15 ಸರಿಯಾದರೆ ಪಾಸ್. ಆಮೇಲೆ ಪ್ರತಿಜ್ಞೆ, ಬಾವುಟ, ಫೋಟೊ, ನಮ್ಮ ಹಾರ್ಟ್.

ಕೆನಡಾ ಸ್ವರ್ಗ ಅಂತ ನಾನು ಹೇಳ್ತಾ ಇಲ್ಲ. ಪಿಆರ್ ಸಿಗುವುದೇ ದೊಡ್ಡ ಯುದ್ಧ. 2014ರಲ್ಲಿ ಅಲ್ಲಿಯ ಸರಕಾರ ಈ ಲೆಕ್ಕವನ್ನು 6 ವರ್ಷದಲ್ಲಿ 1,460 ದಿನಕ್ಕೆ ಏರಿಸಿತ್ತು, 2017ರಲ್ಲಿ ಇನ್ನೊಂದು ಸರಕಾರ ಬಂದು ಮತ್ತೆ 1,095ಕ್ಕೆ ಇಳಿಸಿತು. ರಾಜಕೀಯ ಅಲ್ಲಿಯೂ ಉಂಟು.

ಆದರೆ ಒಂದು ವ್ಯತ್ಯಾಸ ನೋಡಿ. ಲೆಕ್ಕ ಎದುರಿಗೆ ಉಂಟು. ನಿಮ್ಮ ಅಕ್ಕ ಎಕ್ಸೆಲ್ ಶೀಟ್ ಇಟ್ಟುಕೊಂಡು, ಊರಿಗೆ ಮದುವೆಗೆ ಬಂದ 21 ದಿನ ಕಳೆದು, "ಇನ್ನು 140 ದಿನ" ಅಂತ ಎಣಿಸಬಹುದು. ಅರ್ಜಿ ತಿರಸ್ಕಾರವಾದರೆ ಕಾರಣ ಹೇಳ್ತಾರೆ. ಕಾರಣ ಸರಿ ಇಲ್ಲ ಅನ್ನಿಸಿದರೆ ಫೆಡರಲ್ ಕೋರ್ಟಿಗೆ ಹೋಗಿ ಪರಿಶೀಲನೆ ಕೇಳಬಹುದು.

ಅಂದರೆ ಆಕೆ ಅಲ್ಲಿ ಭಿಕ್ಷೆ ಬೇಡ್ತಾ ಇಲ್ಲ. ಷರತ್ತು ಪೂರೈಸಿ ಅರ್ಜಿ ಹಾಕ್ತಾ ಇದ್ದಾಳೆ. ನಿಮ್ಮ ಅಕ್ಕ ತಲೆ ಎತ್ತಿ ಆ ಫೋಟೊದಲ್ಲಿ ನಿಲ್ಲುವುದು ಇದೇ ಕಾರಣಕ್ಕೆ.

3/10

ಈಗ ನಮ್ಮ ಇನ್ನೊಂದು ದೇಶ. ಗಲ್ಫ್.

ನನ್ನ ಮಾಮ ದಮ್ಮಾಮ್‌ನಲ್ಲಿ 28 ವರ್ಷ ಇದ್ದರು. ಅವರ ತಲೆಗೂದಲು ಬೆಳ್ಳಗಾದದ್ದು ಅಲ್ಲೇ. ಕೆಲಸ ಮುಗಿಯಿತು, ಇಕಾಮಾ ಮುಗಿಯಿತು, ಎರಡು ದೊಡ್ಡ ಪೆಟ್ಟಿಗೆಗೆ ಹಗ್ಗ ಕಟ್ಟಿ ಬಜ್ಪೆಯಲ್ಲಿ ಇಳಿದರು. 28 ವರ್ಷಕ್ಕೆ ಆ ದೇಶದ ಲೆಕ್ಕದಲ್ಲಿ ಬೆಲೆ ಸೊನ್ನೆ. ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇರ್ತಾರೆ. ಮನೆಯಲ್ಲಿ ಇಲ್ಲದಿದ್ದರೆ ಆಚೆ ಮನೆಯಲ್ಲಿ.

ಕಾಗದದ ಮೇಲೆ ಗಲ್ಫ್ ದೇಶಗಳಲ್ಲೂ ಪೌರತ್ವಕ್ಕೆ ದಾರಿ ಉಂಟು. ಯುಎಇಯ 1972ರ ಕಾನೂನಿನಲ್ಲಿ ಹೊರಗಿನವರಿಗೆ ಕನಿಷ್ಠ 30 ವರ್ಷದ ವಾಸ ಅಂತ ಬರೆದಿದೆ, ಅರೇಬಿಕ್ ಬರಬೇಕು. ಕತಾರ್‌ನ 2005ರ ಕಾನೂನಿನಲ್ಲಿ 25 ವರ್ಷ. ಅದರಲ್ಲೇ ಇನ್ನೊಂದು ಸಾಲು: ವರ್ಷಕ್ಕೆ 50 ಜನರಿಗಿಂತ ಹೆಚ್ಚು ಕೊಡುವ ಹಾಗಿಲ್ಲ. 2021ರಲ್ಲಿ ಯುಎಇ ಹೂಡಿಕೆದಾರರು, ವೈದ್ಯರು, ವಿಜ್ಞಾನಿಗಳು, ಕಲಾವಿದರು ಇಂಥವರಿಗೆ ಪೌರತ್ವದ ಬಾಗಿಲು ತೆರೆಯಿತು. ಆದರೆ ನೀವಾಗಿ ಅರ್ಜಿ ಹಾಕ್ಲಿಕ್ಕೆ ಆಗುದಿಲ್ಲ. ಮೇಲಿನವರು ನಿಮ್ಮ ಹೆಸರು ಸೂಚಿಸಬೇಕು.

ಹೋಟೆಲಿನಲ್ಲಿ, ಸೈಟಿನಲ್ಲಿ, ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ ದುಡಿದ ನಮ್ಮವರ ಹೆಸರನ್ನು ಯಾರು ಸೂಚಿಸ್ತಾರೆ?

ನಮ್ಮ ಕಾಲೇಜುಗಳಲ್ಲೇ ನೋಡಿ. ದುಬೈಯಲ್ಲಿ, ಕುವೈತ್‌ನಲ್ಲಿ ಹುಟ್ಟಿ, ಅಲ್ಲೇ ಶಾಲೆ ಮುಗಿಸಿ, ಡಿಗ್ರಿಗೆ ಮಂಗಳೂರಿಗೆ ಬಂದವರು ಪ್ರತಿ ಕ್ಲಾಸಿನಲ್ಲೂ ಇದ್ದಾರೆ. ಹುಟ್ಟಿದ ಊರಿಗೆ ಹೋಗಬೇಕಾದರೆ ಅವರಿಗೆ ವೀಸಾ ಬೇಕು. "ನೀನು ಎಲ್ಲಿಯವ?" ಅಂತ ಕೇಳಿದರೆ ಒಂದು ಕ್ಷಣ ತಡೆದು ಉತ್ತರ ಹೇಳ್ತಾರೆ.

ಇದನ್ನು ನಾವು ಅನ್ಯಾಯ ಅಂತೇವೆ. ಸರಿಯೇ. ಹಾಗಾದರೆ ನಮ್ಮ ಮನೆಯ ಬಾಗಿಲಲ್ಲಿ ಎಂತ ಬರೆದುಂಟು ಅಂತಲೂ ಓದಬೇಕಲ್ಲ?

4/10

ಭಾರತದ ಪೌರತ್ವ ಕಾಯ್ದೆ, 1955. ಸೇವ್ ಮಾಡಿ ಇಟ್ಟುಕೊಳ್ಳಿ, ಎಕ್ಸಾಮಿಗೂ ಬೇಕಾಗ್ತದೆ.

ಹುಟ್ಟಿನಿಂದ ಪೌರತ್ವ: 1950 ಜನವರಿ 26ರಿಂದ 1987 ಜುಲೈ 1ರ ಮೊದಲು ಇಲ್ಲಿ ಹುಟ್ಟಿದ್ದರೆ ಬಹುಪಾಲು ಆಯಿತು, ಅಪ್ಪ ಅಮ್ಮ ಯಾವ ದೇಶದವರು ಅನ್ನುವ ಪ್ರಶ್ನೆ ಇಲ್ಲ. ಅಲ್ಲಿಂದ 2004 ಡಿಸೆಂಬರ್ 3ರ ಮೊದಲು ಹುಟ್ಟಿದವರಿಗೆ ಅಪ್ಪ ಅಮ್ಮನಲ್ಲಿ ಒಬ್ಬರು ಭಾರತೀಯರಾಗಿರಬೇಕು. ಅದರ ನಂತರ ಹುಟ್ಟಿದವರಿಗೆ ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಲ್ಲದೆ ಇರಬೇಕು. ಇದನ್ನು ಓದ್ತಾ ಇರುವ ನಮ್ಮಲ್ಲಿ ಹೆಚ್ಚಿನವರು ಈ ಮೂರನೇ ಗುಂಪು. ನಮ್ಮ ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನವರು ಮೊದಲನೆಯ ಗುಂಪು. ಒಂದೇ ಮನೆ, ಒಂದೇ ಊಟ, ಎರಡು ನಿಯಮ.

ಮದುವೆಯಾಗಿ ಬಂದವರು: ಸೆಕ್ಷನ್ 5. ಭಾರತೀಯರನ್ನು ಮದುವೆಯಾಗಿ 7 ವರ್ಷ ಇಲ್ಲಿ ವಾಸ ಇದ್ದವರು ನೋಂದಣಿಗೆ ಅರ್ಜಿ ಹಾಕಬಹುದು. ಭಾರತ ಮೂಲದವರಿಗೂ 7 ವರ್ಷ.

ಉಳಿದವರು: ಸೆಕ್ಷನ್ 6. ಅರ್ಜಿಗೆ ಮೊದಲಿನ 12 ತಿಂಗಳು ಪೂರ್ತಿ ಇಲ್ಲಿರಬೇಕು. ಅದಕ್ಕೂ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷ. ಕೂಡಿಸಿದರೆ 12. ಸನ್ನಡತೆ ಬೇಕು, ಭಾಷೆ ಬೇಕು, ಹಳೆಯ ಪೌರತ್ವ ಬಿಡಬೇಕು.

ಅರ್ಜಿ ಆನ್‌ಲೈನ್. ಆಮೇಲೆ ದಾಖಲೆ ಹಿಡಿದುಕೊಂಡು ಡಿಸಿ ಆಫೀಸ್. ಅಲ್ಲಿಂದ ಪೊಲೀಸ್ ವಿಚಾರಣೆ, ರಾಜ್ಯ ಸರಕಾರ, ಕೊನೆಗೆ ದೆಹಲಿಯ ಗೃಹ ಸಚಿವಾಲಯ.

12 ವರ್ಷ ಜಾಸ್ತಿ ಅಂತ ನಾನು ಜಗಳ ಮಾಡುದಿಲ್ಲ. ಒಂದು ದೇಶ ಸಮಯ ಕೇಳಬಹುದು, ಕೇಳಲಿ. 12 ವರ್ಷ ಆದ ಮೇಲೆ ಎಂತ ಆಗ್ತದೆ ಅನ್ನುವುದು ನನ್ನ ಪ್ರಶ್ನೆ. ಮುಂದಿನ ಪೋಸ್ಟ್.

5/10

ಇದು ಇಡೀ ಸೀರೀಸಿನ ಮುಖ್ಯ ಪೋಸ್ಟ್. ಒಂದನ್ನೇ ಶೇರ್ ಮಾಡುವುದಾದರೆ ಇದನ್ನು ಮಾಡಿ.

ಪೌರತ್ವ ಕಾಯ್ದೆಯ ಸೆಕ್ಷನ್ 14 ಏನು ಹೇಳ್ತದೆ ಅಂದರೆ: ಸೆಕ್ಷನ್ 5, 6ರ ಅರ್ಜಿಯನ್ನು ಸರಕಾರ ತನ್ನ ವಿವೇಚನೆಯಂತೆ ಒಪ್ಪಬಹುದು ಅಥವಾ ತಿರಸ್ಕರಿಸಬಹುದು, ಅದಕ್ಕೆ ಕಾರಣ ಕೊಡಬೇಕಾಗಿಲ್ಲ. ಸರಕಾರಕ್ಕೇ ಮರುಪರಿಶೀಲನೆಗೆ ಬರೆದುಕೊಳ್ಳುವುದೊಂದು ಬಿಟ್ಟರೆ, ಆ ತೀರ್ಮಾನವೇ ಅಂತಿಮ, ಯಾವ ಕೋರ್ಟಿನಲ್ಲೂ ಪ್ರಶ್ನಿಸುವ ಹಾಗಿಲ್ಲ.

ಇನ್ನೊಮ್ಮೆ ಓದಿ. ಕಾರಣ ಕೊಡಬೇಕಾಗಿಲ್ಲ.

ಹೋಟೆಲಿನಲ್ಲಿ ದೋಸೆ ಇಲ್ಲ ಅಂದರೆ "ಹಿಟ್ಟು ಮುಗಿದಿದೆ" ಅಂತ ಕಾರಣ ಹೇಳ್ತಾರೆ. ಕಾಲೇಜಿನಲ್ಲಿ ಹಾಲ್ ಟಿಕೆಟ್ ಕೊಡದಿದ್ದರೆ "ಅಟೆಂಡೆನ್ಸ್ ಶಾರ್ಟೇಜ್" ಅಂತ ನೋಟಿಸ್ ಹಾಕ್ತಾರೆ. 12 ವರ್ಷ ಬದುಕು ಕಟ್ಟಿದ ಮನುಷ್ಯನಿಗೆ ಮಾತ್ರ ಒಂದು ಸಾಲಿನ ಕಾರಣವೂ ಇಲ್ಲ.

ಫೈಲ್ ಎಲ್ಲಿ ಉಂಟು ಅಂತ ಆರ್‌ಟಿಐ ಹಾಕಿ ಕೇಳುವ ಅಂದರೆ? ಮಾಹಿತಿ ಹಕ್ಕು ಕಾಯ್ದೆ, 2005ರ ಸೆಕ್ಷನ್ 3 ಆ ಹಕ್ಕನ್ನು ಕೊಟ್ಟದ್ದು ಪೌರರಿಗೆ. ಪೌರತ್ವದ ಅರ್ಜಿ ಎಲ್ಲಿಗೆ ತಲುಪಿತು ಅಂತ ಕೇಳ್ಲಿಕ್ಕೆ ಮೊದಲು ಪೌರನಾಗಬೇಕು. ಜೋಕ್ ಅಲ್ಲ, ಕಾನೂನು.

ಅದೇ ಮನುಷ್ಯ ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲಿದ್ದರೆ ಆದಾಯ ತೆರಿಗೆಯವರ ಲೆಕ್ಕದಲ್ಲಿ 'ರೆಸಿಡೆಂಟ್'. ತೆರಿಗೆಗೆ ಅರ್ಧ ವರ್ಷ ಸಾಕು. ಹಕ್ಕಿಗೆ 12 ವರ್ಷವೂ ಗ್ಯಾರಂಟಿ ಇಲ್ಲ.

ಲಾ ಓದುವ ಫ್ರೆಂಡ್ಸ್‌ಗೆ ಇನ್ನೊಂದು. ಸಂವಿಧಾನದ 14ನೇ ವಿಧಿ ಕಾನೂನಿನ ಮುಂದೆ ಸಮಾನತೆಯ ಮಾತು ಹೇಳುವಾಗ 'ಪೌರ' ಅನ್ನುವ ಪದ ಬಳಸುದಿಲ್ಲ, 'ಯಾವುದೇ ವ್ಯಕ್ತಿ' ಅಂತದೆ. ವಿದೇಶಿಯರೂ ಅದರೊಳಗೆ ಬರ್ತಾರೆ. ಮನಸ್ಸಿಗೆ ಬಂದ ಹಾಗೆ ನಡೆದುಕೊಳ್ಳಬಾರದು ಅನ್ನುವುದೇ ಆ ವಿಧಿಯ ಜೀವ. ಸಂವಿಧಾನದ 14 ಒಂದು ಕಡೆ, ಪೌರತ್ವ ಕಾಯ್ದೆಯ 14 ಇನ್ನೊಂದು ಕಡೆ.

ನಮ್ಮ ಕಾನೂನು ಹೊರಗಿನಿಂದ ಕೆನಡಾದ ಹಾಗೆ ಕಾಣ್ತದೆ. ಒಳಗೆ ಹೋಗಿ ನೋಡಿದರೆ ಗಲ್ಫ್ ಉಂಟು.

6/10

ಈಗ ನಮ್ಮ ಊರಿನವರಿಗೇ ಉರಿಯಬೇಕಾದ ಒಂದು ವಿಷಯ.

ಸೆಕ್ಷನ್ 6ರಲ್ಲಿ ಅರ್ಜಿ ಹಾಕುವವರಿಗೆ ಸಂವಿಧಾನದ 8ನೇ ಪರಿಚ್ಛೇದದಲ್ಲಿರುವ ಒಂದು ಭಾಷೆ ಸಾಕಷ್ಟು ಬರಬೇಕು. 22 ಭಾಷೆಗಳ ಪಟ್ಟಿ ಅದು. ಕನ್ನಡ ಉಂಟು. ಕೊಂಕಣಿ ಉಂಟು, 1992ರಲ್ಲಿ ಸೇರಿತು. ತುಳು ಇಲ್ಲ. ಬ್ಯಾರಿಯೂ ಇಲ್ಲ.

ಅಂದರೆ ಒಬ್ಬ ವಿದೇಶಿ ಮಹಿಳೆ ಇಲ್ಲಿ ಬಂದು ನೆಲೆಸಿ, ಧಕ್ಕೆಯಲ್ಲಿ ಬಂಗುಡೆಗೆ ತುಳುವಿನಲ್ಲೇ ಚೌಕಾಸಿ ಮಾಡಿ, ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ತುಳುವಿನಲ್ಲೇ ಜಗಳ ಮಾಡಿ, ಅತ್ತೆಯ ಹತ್ತಿರ ತುಳುವಿನಲ್ಲೇ ಬೈಸಿಕೊಂಡು 12 ವರ್ಷ ಕಳೆದರೂ, ಕಾನೂನಿನ ಕಣ್ಣಿಗೆ ಆಕೆಗೆ ಭಾರತದ ಭಾಷೆ ಬಾರದು. ತುಳುವಿಗೆ ಸ್ಥಾನಮಾನ ಬೇಕು ಅಂತ ಹ್ಯಾಶ್‌ಟ್ಯಾಗ್ ಟ್ರೆಂಡ್ ಮಾಡುವ ನಾವು ಈ ಕಡೆಯಿಂದ ಯೋಚಿಸಿದ್ದುಂಟಾ?

ಈ ಊರನ್ನು ಕಟ್ಟಿದವರ ಪಟ್ಟಿ ತೆಗೆಯಿರಿ. ಇಂದಿನ ಟುನೀಷಿಯಾದ ಕಡೆಯಿಂದ ಬಂದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು, ಸುಮಾರು 1132ರಿಂದ 1149ರವರೆಗೆ ಮಂಗಳೂರಿನಲ್ಲಿದ್ದ. ಇಲ್ಲಿ ಲೋಹದ ಪಾತ್ರೆಗಳ ಕಾರ್ಖಾನೆ ಇಟ್ಟಿದ್ದ, ಈ ಕರಾವಳಿಯ ಅಶು ಎಂಬ ಹೆಂಗಸಿನ ಜೊತೆ ಸಂಸಾರ ಮಾಡಿದ. ಇಂದಿನ ಲೆಕ್ಕದಲ್ಲಿ ಸೆಕ್ಷನ್ 5ಕ್ಕೂ ಸಾಕು, 6ಕ್ಕೂ ಸಾಕು. 1843 ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಜರ್ಮನಿಯವನು. 1880ರಲ್ಲಿ ಕಂಕನಾಡಿಯಲ್ಲಿ ಆಸ್ಪತ್ರೆಯ ಕೆಲಸಕ್ಕೆ ಅಡಿಪಾಯ ಹಾಕಿದ ಫಾದರ್ ಮುಲ್ಲರ್ ಕೂಡ ಜರ್ಮನ್. ಅಲೋಶಿಯಸ್ ಚಾಪೆಲಿನ ಗೋಡೆ ತುಂಬ ಚಿತ್ರ ಬರೆದ ಮೊಸ್ಕೇನಿ ಇಟಲಿಯವನು.

1834ರಿಂದ ಇಲ್ಲಿದ್ದ ಬಾಸೆಲ್ ಮಿಷನ್‌ಗೆ 1914ರಲ್ಲಿ ಎಂತ ಆಯಿತು ಗೊತ್ತುಂಟಾ? ಮಹಾಯುದ್ಧ ಶುರುವಾದ ಕೂಡಲೇ ಬ್ರಿಟಿಷರಿಗೆ ಜರ್ಮನ್ ಮಿಷನರಿಗಳು ಶತ್ರು ದೇಶದವರಾದರು. ಬಂಧನ, ಆಮೇಲೆ ವಾಪಸ್. ಹಂಚಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. 80 ವರ್ಷದ ಕೆಲಸಕ್ಕಿಂತ ಪಾಸ್‌ಪೋರ್ಟಿನ ಬಣ್ಣ ದೊಡ್ಡದಾಯಿತು.

7/10

"ಇದೆಲ್ಲ ಹಳೆಯ ಕಥೆ" ಅನ್ನುವವರಿಗೆ: ಸುಳ್ಯಕ್ಕೆ ಹೋಗಿ ಬನ್ನಿ. ನಮ್ಮದೇ ಜಿಲ್ಲೆ, ಸರಕಾರಿ ಬಸ್ಸಿನಲ್ಲೇ ಹೋಗಬಹುದು.

ಸುಳ್ಯ, ಪುತ್ತೂರು ಕಡೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. ಅಲ್ಲಿ ಟ್ಯಾಪಿಂಗ್ ಮಾಡುವ ತಮಿಳು ಕುಟುಂಬಗಳನ್ನು ಜನ ಈಗಲೂ 'ಸಿಲೋನಿನವರು', 'ನಿರಾಶ್ರಿತರು' ಅಂತಾರೆ. ಅವರು ನಿರಾಶ್ರಿತರಲ್ಲ. ಎರಡು ಸರಕಾರಗಳು ಸಹಿ ಹಾಕಿ, ಪೌರತ್ವ ಕೊಟ್ಟು ಕರೆತಂದ ಭಾರತೀಯರು.

ಅವರು ಇಲ್ಲಿಗೆ ಹೇಗೆ ಬಂದರು? 19ನೇ ಶತಮಾನದಿಂದ ಬ್ರಿಟಿಷರು ತಮಿಳು ಕೂಲಿಗಳನ್ನು ಸಿಲೋನಿನ ಕಾಫಿ, ಚಹಾ ತೋಟಗಳಿಗೆ ಸಾಗಿಸಿದರು. ತಲೆಮಾರುಗಳು ಅಲ್ಲೇ ಹುಟ್ಟಿ ಅಲ್ಲೇ ಸತ್ತವು. ದೇಶಕ್ಕೆ ಸ್ವಾತಂತ್ರ್ಯ ಬಂದ 1948ರಲ್ಲೇ ಸಿಲೋನ್ ಒಂದು ಪೌರತ್ವ ಕಾನೂನು ಮಾಡಿತು. ಅಪ್ಪ ಅಲ್ಲೇ ಹುಟ್ಟಿದ್ದಕ್ಕೆ, ಇಲ್ಲವೇ ಅಜ್ಜ ಮುತ್ತಜ್ಜ ಅಲ್ಲೇ ಹುಟ್ಟಿದ್ದಕ್ಕೆ ಪುರಾವೆ ಬೇಕು. ತೋಟದ ಲೈನ್ ಮನೆಯಲ್ಲಿ ಹುಟ್ಟಿದ ಕೂಲಿಯ ಹತ್ತಿರ ಯಾವ ಬರ್ತ್ ಸರ್ಟಿಫಿಕೇಟ್? 1949ರಲ್ಲಿ ಇನ್ನೊಂದು ಕಾನೂನು. ಭಾರತ, ಪಾಕಿಸ್ತಾನ ಮೂಲದವರು ವಾಸದ ಆಧಾರದ ಮೇಲೆ ಅರ್ಜಿ ಹಾಕಬಹುದು. 1946 ಜನವರಿ 1ಕ್ಕೆ ಮೊದಲು, ಮದುವೆಯಾದವರಿಗೆ 7 ವರ್ಷ, ಆಗದವರಿಗೆ 10 ವರ್ಷದ ನಿರಂತರ ವಾಸ. ಲಕ್ಷಾಂತರ ಜನ ಅರ್ಜಿ ಹಾಕಿದರು. ಹೆಚ್ಚಿನವರಿಗೆ ಸಿಗಲಿಲ್ಲ.

1964 ಅಕ್ಟೋಬರ್ 30ರಂದು ಶಾಸ್ತ್ರಿ ಮತ್ತು ಸಿರಿಮಾವೊ ಲೆಕ್ಕ ಹಾಕಿದರು. ದೇಶವೇ ಇಲ್ಲದ ಸುಮಾರು 9,75,000 ಜನ. ಅದರಲ್ಲಿ 5,25,000 ಭಾರತಕ್ಕೆ, 3,00,000 ಸಿಲೋನಿಗೆ, ಉಳಿದ 1,50,000 ಆಮೇಲೆ ನೋಡುವ ಅಂತ. 1974ರಲ್ಲಿ ಅದನ್ನೂ ಅರ್ಧರ್ಧ ಹಂಚಿಕೊಂಡರು. ಮನುಷ್ಯರನ್ನು ಅಡಿಕೆಯ ಹಾಗೆ ಪಾಲು ಮಾಡಿದರು. ಆ ಪಾಲಿನಲ್ಲಿ ಬಂದವರು ಸುಳ್ಯದ ಗುಡ್ಡೆಯಲ್ಲಿ ರಬ್ಬರ್ ಹಾಲು ಇಳಿಸ್ತಾ ಇದ್ದಾರೆ. ಅವರ ಮಕ್ಕಳು ಜಾತಿ ಸರ್ಟಿಫಿಕೇಟಿಗಾಗಿ ವರ್ಷಗಟ್ಟಲೆ ಅಲೆದಿದ್ದಾರೆ.

ಅಲ್ಲೇ ಉಳಿದವರಿಗೆ ಶ್ರೀಲಂಕಾ 2003ರಲ್ಲಿ ಕಾನೂನು ಮಾಡಿ ಪೌರತ್ವ ಕೊಟ್ಟಿತು. 55 ವರ್ಷ ಬೇಕಾಯಿತು. ಆ ಹೊತ್ತಿಗೆ ಎಷ್ಟು ಮನೆಗಳು ಒಡೆದಿದ್ದವು?

ವಾಸಕ್ಕೆ ಬೆಲೆ ಕೊಡದ ಕಾನೂನು ಏನು ಮಾಡ್ತದೆ ಅಂತ ನೋಡ್ಲಿಕ್ಕೆ ಪುಸ್ತಕ ಬೇಡ. ನಮ್ಮ ಜಿಲ್ಲೆಯಲ್ಲೇ ಉಂಟು.

8/10

ಕುಶಾಲನಗರ ಟ್ರಿಪ್ ಹೋಗಿ ಬೈಲಕುಪ್ಪೆ ಗೋಲ್ಡನ್ ಟೆಂಪಲ್ ಎದುರು ರೀಲ್ ಮಾಡದವರು ನಮ್ಮ ಬ್ಯಾಚಿನಲ್ಲಿ ಯಾರಿದ್ದೀರಿ? ಮೊಮೊ ತಿಂದು ಬಂದಿರಿ. ಅಲ್ಲಿ ನಿಮಗೆ ಮೊಮೊ ಕೊಟ್ಟವರ ಕೈಯಲ್ಲಿ ಯಾವ ಕಾಗದ ಉಂಟು ಅಂತ ಕೇಳಿದ್ದೀರಾ?

1960ರ ದಶಕದಿಂದ ಅಲ್ಲಿ ಟಿಬೆಟನ್ನರಿದ್ದಾರೆ. 4ನೇ ಪೋಸ್ಟಿನ ನಿಯಮದ ಪ್ರಕಾರ 1987 ಜುಲೈಗೆ ಮೊದಲು ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಆದರೂ ಅವರನ್ನು ವಿದೇಶಿಯರ ನೋಂದಣಿ ಪತ್ರದಲ್ಲೇ ಇಟ್ಟಿದ್ದರು. 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ "ಇವರು ಭಾರತೀಯರು" ಅಂತ ಹೇಳಬೇಕಾಯಿತು. ಕಾನೂನಿನಲ್ಲಿ ಸ್ಪಷ್ಟವಾಗಿ ಬರೆದದ್ದನ್ನು ಪಡೆಯಲಿಕ್ಕೂ ಕೋರ್ಟ್ ಮೆಟ್ಟಿಲು.

ಇನ್ನು ನೀವೆಲ್ಲ ಕಾಯ್ತಾ ಇರುವ ವಿಷಯ. ಸಿಎಎ.

2019 ಡಿಸೆಂಬರ್ 19ರಂದು ಈ ಊರಿನಲ್ಲಿ ಪೊಲೀಸ್ ಗೋಲಿಬಾರಿಗೆ ಇಬ್ಬರು ಜೀವ ಕಳೆದುಕೊಂಡರು. ಕರ್ಫ್ಯೂ ಹಾಕಿದರು, ಇಂಟರ್ನೆಟ್ ಬಂದಾಯಿತು. ಆಗ ನಾವು ಶಾಲೆಯಲ್ಲಿದ್ದೆವು, ರಜೆ ಸಿಕ್ಕಿತು ಅಂತ ಖುಷಿಪಟ್ಟವರೂ ಇದ್ದರು. ಪೌರತ್ವ ಅನ್ನುವ ಪದ ಈ ಊರಿನಲ್ಲಿ ಬರೀ ಸಿವಿಕ್ಸ್ ಪಾಠ ಅಲ್ಲ.

ಆ ತಿದ್ದುಪಡಿ ಈಗಾಗಲೇ ಭಾರತೀಯರಾಗಿರುವ ಯಾರ ಪೌರತ್ವವನ್ನೂ ತೆಗೆಯುವ ಕಾನೂನಲ್ಲ, ಅದನ್ನು ಒಪ್ಪುತ್ತೇನೆ. ಅದು ಮಾಡಿದ್ದು ಬೇರೆ. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2014 ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ 11 ವರ್ಷದ ವಾಸವನ್ನು 5ಕ್ಕೆ ಇಳಿಸಿತು. ಮುಸ್ಲಿಮರಿಗಿಲ್ಲ. ಶ್ರೀಲಂಕಾದ ತಮಿಳರಿಗಿಲ್ಲ, ಅವರು ಹಿಂದೂಗಳಾದರೂ ಇಲ್ಲ. ಟಿಬೆಟನ್ನರಿಗಿಲ್ಲ, ಬೌದ್ಧರಾದರೂ ಇಲ್ಲ. ನಿಯಮಗಳು 2024 ಮಾರ್ಚ್ 11ಕ್ಕೆ ಬಂದವು.

ಓಡಿ ಬಂದವರಿಗೆ ಬೇಗ ಆಸರೆ ಕೊಡಿ, ಬೇಡ ಅನ್ನುವವ ನಾನಲ್ಲ. ನನ್ನ ಪ್ರಶ್ನೆ ಸರಳ. ಒಬ್ಬ ಮನುಷ್ಯನನ್ನು ಅರಿಯಲಿಕ್ಕೆ 5 ವರ್ಷ ಸಾಕು ಅಂತ ಸಂಸತ್ತೇ ಒಪ್ಪಿದ ಮೇಲೆ, ಪಕ್ಕದ ಮನೆಯವನಿಗೆ ಇನ್ನೂ 11 ಯಾಕೆ? ಕ್ಯಾಲೆಂಡರಿಗೆ ಧರ್ಮ ಉಂಟಾ?

9/10

ಡಿಎಂನಲ್ಲಿ ಬರುವ ಪ್ರಶ್ನೆಗಳು ಗೊತ್ತು. ಮೊದಲೇ ಉತ್ತರ ಹೇಳಿ ಬಿಡ್ತೇನೆ.

"140 ಕೋಟಿ ಜನ ಇದ್ದೇವೆ, ಇನ್ನೂ ಯಾಕೆ?"
ಸಂಸತ್ತಿನಲ್ಲಿ ಸರಕಾರವೇ ಕೊಟ್ಟ ಲೆಕ್ಕ ನೋಡಿ. 2021ರಲ್ಲಿ ಭಾರತದ ಪೌರತ್ವ ಪಡೆದ ವಿದೇಶಿಯರು 1,773. ಅದೇ ವರ್ಷ ಭಾರತದ ಪೌರತ್ವ ಬಿಟ್ಟು ಹೋದವರು 1,63,370. 2022ರಲ್ಲಿ ಬಿಟ್ಟವರು 2,25,620. ಬಸ್ಸಿನಿಂದ ನೂರು ಜನ ಇಳಿದು ಒಬ್ಬ ಹತ್ತಿದರೆ "ರಶ್ಶು, ರಶ್ಶು" ಅಂತ ಕೂಗ್ತೇವಾ?

"ಅಕ್ರಮವಾಗಿ ಬಂದವರಿಗೂ ಕೊಡಬೇಕಾ?"
ಈ ಸೀರೀಸ್ ಅವರ ಬಗ್ಗೆ ಅಲ್ಲ. 2003ರ ತಿದ್ದುಪಡಿಯ ನಂತರ ಅಕ್ರಮ ವಲಸಿಗರು ಈ ದಾರಿಯಲ್ಲಿ ಅರ್ಜಿಯನ್ನೇ ಹಾಕುವ ಹಾಗಿಲ್ಲ. ನಾನು ಮಾತಾಡ್ತಾ ಇರುವುದು ವೀಸಾ ನವೀಕರಿಸಿ, ವಿದೇಶಿಯರ ನೋಂದಣಿ ಮಾಡಿಸಿ, ಪೊಲೀಸರು ಕರೆದಾಗ ಹೋಗಿ, ಎಲ್ಲ ಸರಿ ಮಾಡಿದವರ ಬಗ್ಗೆ. ಸರಿ ಮಾಡಿದವರಿಗೂ ಉತ್ತರ ಸಿಗದಿದ್ದರೆ ಸರಿ ಮಾಡ್ಲಿಕ್ಕೆ ಯಾರಿಗೆ ಮನಸ್ಸು ಬರ್ತದೆ?

"ದೇಶದ ಭದ್ರತೆ?"
ತನಿಖೆ ಮಾಡಲಿ, ಚೆನ್ನಾಗಿ ಮಾಡಲಿ. ಗುಪ್ತಚರ ವರದಿಯನ್ನು ಪೂರ್ತಿ ತೋರಿಸಿ ಅಂತ ಯಾರೂ ಕೇಳುದಿಲ್ಲ. ಆದರೆ "ವಾಸದ ದಿನ ಕಡಿಮೆ", "ದಾಖಲೆ ಸರಿ ಇಲ್ಲ", "ಭದ್ರತೆಯ ಕಾರಣ" ಇಷ್ಟನ್ನಾದರೂ ಬರೆದು ಕೊಡಬಹುದಲ್ಲ? 12 ವರ್ಷದಲ್ಲಿ ಒಬ್ಬನನ್ನು ಅರಿಯಲು ಆಗದ ವ್ಯವಸ್ಥೆ ಇನ್ನು ಐದು ವರ್ಷ ಫೈಲ್ ಇಟ್ಟುಕೊಂಡರೆ ಅರಿಯುತ್ತದಾ?

"ದೊಡ್ಡವರಿಗೆ ಸಿಗ್ತದಲ್ಲ?"
ಸಿಗ್ತದೆ. ಅದ್ನಾನ್ ಸಾಮಿ 2001ರಲ್ಲಿ ಬಂದರು, 2016 ಜನವರಿ 1ಕ್ಕೆ ಭಾರತೀಯರಾದರು. ಕೆನಡಾದ ಪೌರತ್ವದಲ್ಲಿದ್ದ ಅಕ್ಷಯ್ ಕುಮಾರ್‌ಗೆ 2023ರಲ್ಲಿ ವಾಪಸ್ ಸಿಕ್ಕಿತು. ಸಿಕ್ಕಿದ್ದಕ್ಕೆ ನನಗೆ ಸಂತೋಷವೇ. ವಿಜ್ಞಾನ, ಕಲೆ, ಸಾಹಿತ್ಯದಲ್ಲಿ ದೊಡ್ಡ ಸೇವೆ ಮಾಡಿದವರಿಗೆ ಷರತ್ತು ಸಡಿಲಿಸಲು ಸೆಕ್ಷನ್ 6ರಲ್ಲೇ ಅವಕಾಶ ಉಂಟು. ಆದರೆ ಕಾನೂನಿನ ಪರೀಕ್ಷೆ ಆಗುವುದು ಸ್ಟಾರ್‌ಗಳ ಮೇಲೆ ಅಲ್ಲ. ಹೆಸರಿಲ್ಲದ ಒಬ್ಬ ಸೊಸೆ, ಹೆಸರಿಲ್ಲದ ಒಬ್ಬ ನರ್ಸ್ ಕೌಂಟರ್ ಎದುರು ನಿಂತಾಗ.

"ಗಲ್ಫ್‌ನವರು ನಮಗೆ ಕೊಡುದಿಲ್ಲ, ನಾವು ಯಾಕೆ ಕೊಡಬೇಕು?"
ನಮ್ಮ ಕಾನೂನಿನಲ್ಲೂ ಈ ಬುದ್ಧಿ ಉಂಟು: ಭಾರತೀಯರಿಗೆ ಪೌರತ್ವ ಕೊಡದ ದೇಶದ ಪ್ರಜೆಗೆ ಸೆಕ್ಷನ್ 6ರಲ್ಲಿ ದಾರಿ ಇಲ್ಲ. ಆದರೆ ಯೋಚಿಸಿ. ಮಾಮನಿಗೆ 28 ವರ್ಷ ಅನ್ಯಾಯ ಆಯಿತು ಅಂತ ಅತ್ತು, ಅದೇ ಅನ್ಯಾಯವನ್ನು ಇನ್ನೊಬ್ಬರಿಗೆ ಮಾಡಿದರೆ ಮಾಮನಿಗೆ ಎಂತ ಸಿಕ್ಕಿತು?

10/10

ಹಾಗಾದರೆ ಎಂತ ಬೇಕು? ನಾಲ್ಕು ವಿಷಯ. ಸ್ಕ್ರೀನ್‌ಶಾಟ್ ತೆಗೆಯಿರಿ.

ಒಂದು. ಸೆಕ್ಷನ್ 14ರಿಂದ 'ಕಾರಣ ಕೊಡಬೇಕಾಗಿಲ್ಲ' ಅನ್ನುವುದು ಹೋಗಬೇಕು. ತಿರಸ್ಕಾರಕ್ಕೆ ಲಿಖಿತ ಕಾರಣ, ಅದರ ಮೇಲೆ ಮೇಲ್ಮನವಿ.

ಎರಡು. ಕೊನೆಯ ತೀರ್ಮಾನಕ್ಕೆ ಕಾಯ್ದೆಯಲ್ಲೇ ಗಡುವು. ಅರ್ಜಿದಾರರಿಗೆ ತಮ್ಮ ಫೈಲಿನ ಮಾಹಿತಿ ಕೇಳುವ ಹಕ್ಕು, ಪೌರರಲ್ಲದಿದ್ದರೂ.

ಮೂರು. ಬದುಕಿದ ಊರಿನ ಭಾಷೆಗೆ ಬೆಲೆ. ತುಳು, ಬ್ಯಾರಿ, ಕೊಡವ ಯಾವುದೇ ಇರಲಿ, ಪಟ್ಟಿಯಲ್ಲಿ ಇಲ್ಲದ್ದಕ್ಕೆ ಮನುಷ್ಯ ಮೂಕನಾಗುದಿಲ್ಲ.

ನಾಲ್ಕು. ಎಲ್ಲರಿಗೂ ಒಂದೇ ಕ್ಯಾಲೆಂಡರ್. ಐದೋ ಏಳೋ ಹನ್ನೆರಡೋ, ಎಷ್ಟು ವರ್ಷ ಅಂತ ಸಂಸತ್ತು ತೀರ್ಮಾನಿಸಲಿ. ದೇವರ ಕೋಣೆ ನೋಡಿ ವರ್ಷ ಎಣಿಸುವುದು ಬೇಡ.

ಇದರಲ್ಲಿ ಯಾವುದೂ ಬಾಗಿಲು ಅಗಲ ಮಾಡಿ ಅನ್ನುವ ಬೇಡಿಕೆ ಅಲ್ಲ. ಬಾಗಿಲಿನ ಹಿಂದೆ ಕೂತವರು ಉತ್ತರ ಕೊಡಿ ಅಂತ ಮಾತ್ರ.

ಮತ್ತೆ ನಮ್ಮಿಂದ ಆಗುವುದು? ನಮಗೆ 18 ಆಗಿದೆ ಅಥವಾ ಆಗ್ತಾ ಉಂಟು. ಅವರಿಗೆ ವೋಟಿಲ್ಲ, ನಮಗೆ ಉಂಟು. ಅವರಿಗೆ ಆರ್‌ಟಿಐ ಇಲ್ಲ, ನಮಗೆ ಉಂಟು. ವೋಟು ಕೇಳ್ಲಿಕ್ಕೆ ಕಾಲೇಜಿಗೆ, ಮನೆಗೆ ಯಾವ ಪಾರ್ಟಿಯವರು ಬಂದರೂ ಸೆಲ್ಫಿಗೆ ಮೊದಲು ಒಂದೇ ಪ್ರಶ್ನೆ ಕೇಳಿ: "ಸೆಕ್ಷನ್ 14ರ ಬಗ್ಗೆ ನಿಮ್ಮ ನಿಲುವು ಎಂತ?" ಗೊತ್ತಿಲ್ಲದಿದ್ದರೆ ಐದನೇ ಪೋಸ್ಟ್ ಕಳಿಸಿ. ಲಾ ಕಾಲೇಜಿನವರೇ, ನಿಮ್ಮ ಮುಂದಿನ ಮೂಟ್ ಕೋರ್ಟಿಗೆ ಇದನ್ನೇ ಪ್ರಾಬ್ಲಮ್ ಮಾಡಿ. ತುಳು ಪೇಜ್ ನಡೆಸುವವರೇ, ಆರನೇ ಪೋಸ್ಟನ್ನು ತುಳುವಿನಲ್ಲಿ ಹಾಕಿ, ನನ್ನ ಹೆಸರು ಬೇಡ.

ನಿಮ್ಮ ಕ್ಲಾಸಿನಲ್ಲಿ, ನಿಮ್ಮ ಓಣಿಯಲ್ಲಿ ವಿದೇಶಿ ಪಾಸ್‌ಪೋರ್ಟಿನ ಒಬ್ಬರಿದ್ದರೆ "ಯಾವಾಗ ವಾಪಸ್ ಹೋಗುದು?" ಅಂತ ಕೇಳಬೇಡಿ. ದಮ್ಮಾಮ್‌ನಲ್ಲಿ ಅದೇ ಪ್ರಶ್ನೆಯನ್ನು ನಮ್ಮವರು ವರ್ಷ ವರ್ಷ ಕೇಳಿಸಿಕೊಂಡಿದ್ದಾರೆ. ಅಧಿಕೃತ ಮುದ್ರೆಯೊಂದಿಗೆ.

ಒಪ್ಪದವರು ಕಮೆಂಟಿನಲ್ಲಿ ಬನ್ನಿ. ಒಂದೇ ಕಂಡೀಷನ್: ಬೇಡ ಅನ್ನುವುದಾದರೆ ಕಾರಣ ಕೊಡಿ.

#ಕಾರಣಕೊಡಿ #ಸೆಕ್ಷನ್14 #ಪೌರತ್ವ #ಮಂಗಳೂರು #ಕುಡ್ಲ #ತುಳು #ಸುಳ್ಯ #ಗಲ್ಫ್‌ಮಕ್ಕಳು